ಎಂಜಿಬಿಯ ಮಂಕು ದೀಪ: ಮೊದಲು ರಿಲೇ, ಆಮೇಲೆ ಬಲ್ಬ್

ಪ್ರಶ್ನೆ: ನನ್ನ 1966ರ ಎಂಜಿಬಿಯ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಹೆಡ್‌ಲೈಟ್ ತೀರಾ ಮಂಕು. ಕನಕಪುರ ರಸ್ತೆಯಲ್ಲಿ ರಾತ್ರಿ ಹಂಪ್ ಕಾಣುವುದಿಲ್ಲ. 100/90 ವಾಟ್ ಬಲ್ಬ್ ಹಾಕಿಸಲೇ?
– ಓದುಗರು, ಬಸವನಗುಡಿ

ಉತ್ತರ: ದಯವಿಟ್ಟು ಬೇಡ. ಈ ಕಾರಿನಲ್ಲಿ ದೀಪದ ಕರೆಂಟ್ ಪೂರ್ತಿ ಹಳೆಯ ಸ್ವಿಚ್‌ಗಳ ಮೂಲಕವೇ ಹಾಯುತ್ತದೆ. ಹೆಚ್ಚು ವಾಟ್‌ನ ಬಲ್ಬ್ ಹಾಕಿದರೆ ಸ್ವಿಚ್ ಸುಡುತ್ತದೆ. ಮೊದಲು ದೀಪ ಉರಿಯುವಾಗ ಬಲ್ಬಿನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ. 13 ಇರಬೇಕಾದಲ್ಲಿ 11 ಇದ್ದರೆ ಬೆಳಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ.

ಡಿಪ್‌ಗೊಂದು (ಲೋ ಬೀಮ್), ಹೈ ಬೀಮ್‌ಗೊಂದು 30 ಆಂಪಿಯರ್ ರಿಲೇ ಹಾಕಿ. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಬ್ಯಾಟರಿ ಸೀಟಿನ ಹಿಂದಿರುವುದರಿಂದ ಸ್ಟಾರ್ಟರ್ ಸೊಲೆನಾಯ್ಡಿನ (ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ಬ್ಯಾಟರಿ ಟರ್ಮಿನಲ್‌ನಿಂದಲೇ 2.5 ಚದರ ಮಿ.ಮೀ. ವೈರ್ ಎಳೆದು, ಪ್ರತಿ ರಿಲೇಗೂ 15 ಆಂಪಿಯರ್ ಫ್ಯೂಸ್ ಕೊಡಿ. ಹಳೆಯ ನೀಲಿ-ಕೆಂಪು (ಡಿಪ್), ನೀಲಿ-ಬಿಳಿ (ಹೈ) ವೈರ್‌ಗಳು ರಿಲೇಯನ್ನು ಆನ್ ಮಾಡುವ ಕಾಯಿಲ್‌ಗೆ ಮಾತ್ರ. ಅರ್ತ್ ವೈರನ್ನು ತುಕ್ಕು ಕೆರೆದ ಬರಿ ಲೋಹಕ್ಕೆ ಬಿಗಿಯಿರಿ. ಇಲ್ಲಿ ಸೋಮಾರಿತನ ಮಾಡಿದರೆ ಉಳಿದ ಕೆಲಸವೆಲ್ಲ ವ್ಯರ್ಥ.

ನಿಮ್ಮದು ಮೂಲತಃ ಪಾಸಿಟಿವ್ ಅರ್ತ್ ಕಾರು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿರುತ್ತದೆ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ, ಒಳಗೆ ಅದು ಇರುವ ರಿಲೇ ಬೇಡ.

ಬಳಿಕ 7 ಇಂಚಿನ ಎಚ್4 (ಹೈ, ಡಿಪ್ ಎರಡೂ ಇರುವ ಹ್ಯಾಲೊಜೆನ್ ಬಲ್ಬಿನ ಬಗೆ) ಲ್ಯಾಂಪ್, 60/55 ವಾಟ್ ಬಲ್ಬ್ ಸಾಕು. ಜೆ.ಸಿ. ರಸ್ತೆಯಲ್ಲಿ ಕೊಳ್ಳುವಾಗ ಎಡಬದಿ ಸಂಚಾರದ ಗಾಜೇ ಎಂದು ಖಚಿತಪಡಿಸಿಕೊಳ್ಳಿ, ಇಲ್ಲದಿದ್ದರೆ ಎದುರಿನವರ ಕಣ್ಣು ಕುಕ್ಕುತ್ತದೆ. 10 ಮೀಟರ್ ದೂರದ ಗೋಡೆಯ ಮೇಲೆ ಡಿಪ್ ಬೆಳಕಿನ ಅಂಚು ದೀಪದ ಮಧ್ಯಬಿಂದುವಿಗಿಂತ 10 ಸೆಂ.ಮೀ. ಕೆಳಗಿರಲಿ.

ಡಿಪ್ ಎರಡೂ ಸೇರಿ ಸುಮಾರು 9 ಆಂಪಿಯರ್ ಎಳೆಯುತ್ತವೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೊ ಕೊಡುವುದೇ ಗರಿಷ್ಠ 22, ಐಡಲ್‌ನಲ್ಲಿ ಬಹುತೇಕ ಸೊನ್ನೆ. ಮಳೆಯಲ್ಲಿ ವೈಪರ್ ಹಾಕಿಕೊಂಡು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತರೆ ಬ್ಯಾಟರಿಯೇ ಖಾಲಿಯಾಗುತ್ತಾ ಹೋಗುತ್ತದೆ; ಅಂಥ ಓಡಾಟ ಹೆಚ್ಚಿದ್ದರೆ ಆಲ್ಟರ್ನೇಟರ್‌ಗೆ ಬದಲಿಸಿ, ಆಗ ನೆಗೆಟಿವ್ ಅರ್ತ್ ಮಾಡಿಸಲೇಬೇಕು.