ಓದುಗರ ಪ್ರಶ್ನೆ: ಹಸುವನ್ನು ಹುಲಿ ಕೊಂದಾಗ

ಪ್ರಶ್ನೆ: ನಮ್ಮದು ನಾಗರಹೊಳೆ ಕಾಡಂಚಿನ ಊರು. ಹುಲಿ ಹಸುವನ್ನು ಕೊಂದರೆ ಕೂಡಲೇ ಹೂಳಬಹುದೇ? ಕೊಂದದ್ದು ಚಿರತೆಯೋ ಹುಲಿಯೋ ತಿಳಿಯುವುದು ಹೇಗೆ?

ಉತ್ತರ: ಹೂಳಬೇಡಿ, ಎಳೆದು ಜಾಗ ಬದಲಿಸಲೂ ಬೇಡಿ. ಹುಲಿ ದೊಡ್ಡ ಬೇಟೆಯನ್ನು ಒಂದೇ ಸಲಕ್ಕೆ ಮುಗಿಸುವುದಿಲ್ಲ. ಆಸುಪಾಸಿನ ಪೊದೆಯಲ್ಲೇ ಇದ್ದು ಮೂರ್ನಾಲ್ಕು ದಿನ ತಿನ್ನುತ್ತದೆ. ಅದನ್ನು ಕಿತ್ತುಕೊಂಡರೆ ಇನ್ನೊಂದು ಹಸುವಿಗೆ ಬಂದೀತು, ಪರಿಹಾರಕ್ಕೆ ಬೇಕಾದ ಪುರಾವೆಯೂ ಹೋಗುತ್ತದೆ. ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಕ್ಷಣ ತಿಳಿಸಿ, ಮಹಜರು ಮುಗಿಯುವವರೆಗೆ ಜನ ಗುಂಪುಗೂಡದಂತೆ ನೋಡಿಕೊಳ್ಳಿ. ಸುತ್ತುವರಿದು ಕೂಗಾಡಿದಾಗಲೇ ಹುಲಿ ಮೇಲೆರಗುವ ಅಪಾಯ ಹೆಚ್ಚು.

ಗುರುತಿಗೆ ಮೊದಲು ತಿಂದ ಭಾಗ ನೋಡಿ. ಹುಲಿ ಸಾಮಾನ್ಯವಾಗಿ ಹಿಂತೊಡೆಯಿಂದ ಆರಂಭಿಸುತ್ತದೆ, ಚಿರತೆ ಹೆಚ್ಚಾಗಿ ಹೊಟ್ಟೆ ಅಥವಾ ಎದೆಯಿಂದ. ಬಲಿತ ಹುಲಿಯ ಹೆಜ್ಜೆ ಅಗಲ ಸುಮಾರು 10 ಸೆಂ.ಮೀ. ದಾಟುತ್ತದೆ. ಆದರೆ ಕೆಸರಿನಲ್ಲಿ ಹೆಜ್ಜೆ ಹಿಗ್ಗಿ ಕಾಣುತ್ತದೆ, ಅದೊಂದನ್ನೇ ನಂಬಬೇಡಿ. ಕಳೇಬರಕ್ಕೆ ಕೀಟನಾಶಕ ಸುರಿಯುವುದಂತೂ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಹುಲಿಯ ಜೊತೆ ರಣಹದ್ದು, ಊರನಾಯಿಗಳೂ ಸಾಯುತ್ತವೆ.

ಪ್ರಶ್ನೆ: ಗಣತಿಯಲ್ಲಿ ಒಂದೇ ಹುಲಿಯನ್ನು ಎರಡು ಸಲ ಎಣಿಸುವುದಿಲ್ಲವೇ?

ಉತ್ತರ: ಪಟ್ಟೆಗಳು ಒಂದು ಹುಲಿಗಿದ್ದಂತೆ ಇನ್ನೊಂದಕ್ಕಿಲ್ಲ. ಒಂದೇ ಹುಲಿಯ ಎಡ-ಬಲ ಮಗ್ಗುಲೂ ಬೇರೆಬೇರೆ. ಹಾಗಾಗಿ ಕಾಡುದಾರಿಯ ಎರಡೂ ಬದಿಗೆ, ಮೊಣಕಾಲೆತ್ತರದಲ್ಲಿ, ಜೋಡಿ ಕ್ಯಾಮೆರಾ ಕಟ್ಟುತ್ತಾರೆ. ಒಂದೇ ಬದಿಯದು ಕೆಟ್ಟರೆ ಗೊಂದಲ ಶುರು. ಸಿಕ್ಕದ ಹುಲಿಗಳನ್ನು ಲೆಕ್ಕಾಚಾರದಿಂದ ಅಂದಾಜಿಸುತ್ತಾರೆ. 2022ರಲ್ಲಿ ಕರ್ನಾಟಕಕ್ಕೆ ಹೇಳಿದ 563 ಅಂತಹ ಅಂದಾಜೇ.