‘ದೇವರಂಥ ಸಿಸ್ಟರ್‌’ಗೆ ಸಿಟ್ಟು ಬಂದಾಗ

ವಯಸ್ಸಾದವರ ಮಾನಸಿಕ ಆರೈಕೆ ಮಾಡುವ ನರ್ಸ್‌ಗಳು ಕೌನ್ಸೆಲಿಂಗ್‌ಗೆ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಹೇಳುವ ಕಾರಣ ಬೇರೆ ಬೇರೆ. ನಿದ್ದೆ ಬರಲ್ಲ, ಮಕ್ಕಳ ಮೇಲೆ ಸುಮ್‌ಸುಮ್ನೆ ರೇಗ್ತೀನಿ, ಊಟ ಸೇರಲ್ಲ, ಡ್ಯೂಟಿಗೆ ಹೊರಡೋ ಹೊತ್ತಿಗೆ ಎದೆ ಡವಡವ ಅನ್ನುತ್ತೆ. ಒಳಗಿರುವ ಮಾತು ಮಾತ್ರ ಹೆಚ್ಚುಕಡಿಮೆ ಒಂದೇ, ಅದು ಹೊರಗೆ ಬರೋಕೆ ವಾರಗಟ್ಟಲೆ ಹಿಡಿಯುತ್ತೆ. ಆ ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಹೆಸರು, ಊರು, ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಸರೋಜಾ ಅನ್ನೋಣ. ಮಲೆನಾಡಿನ ಕಡೆಯವರು. ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸ್ ಮುಗಿಸಿ, ಆಮೇಲೆ ಮನೋರೋಗಿಗಳ ಶುಶ್ರೂಷೆಯಲ್ಲೇ ಒಂದು ವರ್ಷದ ಡಿಪ್ಲೊಮಾ ಮಾಡಿ, ಬೆಂಗಳೂರಿನ ಒಂದು ಖಾಸಗಿ ಮಾನಸಿಕ ಆಸ್ಪತ್ರೆಯ ಹಿರಿಯರ ವಾರ್ಡಿಗೆ ಸೇರಿದವರು. ಗಂಡ, ಒಬ್ಬ ಮಗ. ಬಂದಿದ್ದು ನಿದ್ದೆಯ ತೊಂದರೆ ಅಂತ.

ಅವರ ವಾರ್ಡಿನಲ್ಲಿ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರು ಇದ್ದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಹಗಲು ತಣ್ಣಗಿರುವ ಮನುಷ್ಯ, ಸಂಜೆಯಾದರೆ ಚಡಪಡಿಕೆ ಶುರು. ‘ಬೆಲ್ ಹೊಡೀತು, ಬಿಡ್ರಯ್ಯಾ ನನ್ನ’ ಅಂತ ಬಾಗಿಲಿಗೆ ಹೋಗಿ ನಿಲ್ಲೋರು. ಈ ಕಾಯಿಲೆಯಲ್ಲಿ ಸಂಜೆ ಹೊತ್ತು ಗೊಂದಲ ಜಾಸ್ತಿಯಾಗೋದು ತೀರಾ ಸಾಮಾನ್ಯ, ಸರೋಜಾ ಅದನ್ನೆಲ್ಲ ಚೆನ್ನಾಗಿಯೇ ಸಂಭಾಳಿಸುತ್ತಿದ್ದರು. ಕಷ್ಟ ಇದ್ದದ್ದು ರಾತ್ರಿ ಡೈಪರ್ ಬದಲಾಯಿಸುವಾಗ. ಹೊಡೆಯೋರು, ಉಗಿಯೋರು, ಬಾಯಿಗೆ ಬಂದ ಹಾಗೆ ಬೈಯೋರು. ಜಾತಿ ಎತ್ತಿ ಬೈದದ್ದೂ ಇದೆ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇವರೊಬ್ಬರು, ಜೊತೆಗೆ ಒಬ್ಬರು ಆಯಾ.

ಇದನ್ನೆಲ್ಲ ನಗುನಗುತ್ತಲೇ ಹೇಳುತ್ತಿದ್ದರು. ‘ಪಾಪ, ಅವರಿಗೇನು ಗೊತ್ತಾಗುತ್ತೆ ಮೇಡಂ, ಕಾಯಿಲೆ ಅಲ್ವಾ.’ ನಾನು ಏನು ಕೇಳಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಒಂದು ದಿನ ನೈಟ್ ಡ್ಯೂಟಿ ಮುಗಿಸಿ ಸೀದಾ ಬಂದರು. ಬ್ಯಾಗನ್ನು ತೊಡೆಯ ಮೇಲಿಂದ ಕೆಳಗಿಡಲೇ ಇಲ್ಲ. ಸ್ವಲ್ಪ ಹೊತ್ತು ಬಸ್ಸು, ಟ್ರಾಫಿಕ್ಕು ಅಂತ ಏನೇನೋ ಹೇಳಿ, ಇದ್ದಕ್ಕಿದ್ದ ಹಾಗೆ, ‘ಮೇಡಂ, ಮೇಷ್ಟ್ರ ಮಗ ನಿನ್ನೆ ನನಗೆ ಕೈ ಮುಗಿದು, ಸಿಸ್ಟರ್ ನೀವು ದೇವರಂಥೋರು ಅಂದ್ರು. ದೇವರಿಗೆ ಸಿಟ್ಟು ಬರುತ್ತಾ?’ ಅಂತ ಕೇಳಿದರು.

‘ನಿಮಗೆ ಬರುತ್ತಾ?’ ಅಂದೆ.

ತಮ್ಮ ಎಡ ಮಣಿಕಟ್ಟನ್ನು ಬಲಗೈಯಿಂದ ಹಿಡಿದು ತೋರಿಸಿದರು. ‘ಹೀಗೆ ಹಿಡಿದೆ.’ ಹಿಡಿದೇ ಇದ್ದರು, ಬಿಡಲಿಲ್ಲ. ‘ಹೊಡೀಬಾರದು ಅಂತ ಹಿಡಿಯೋದು ನಮಗೆ ಕಲಿಸಿದಾರೆ ಮೇಡಂ. ಅದಲ್ಲ ಇದು. ಅವರು ಹೊಡೆಯೋದು ನಿಲ್ಲಿಸಿದ್ರು, ನಾನು ಬಿಡಲಿಲ್ಲ. ನೋಯಲಿ ಅಂತಲೇ ಹಿಡಿದಿದ್ದೆ.’ ಕೈ ತೆಗೆದಾಗ ಅವರ ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಬೆಳ್ಳಗೆ ಮೂಡಿ, ನೋಡ್ತಾ ನೋಡ್ತಾ ಕೆಂಪಗಾದವು.

ಬೆಳಿಗ್ಗೆ ಹೊತ್ತಿಗೆ ಮೇಷ್ಟ್ರ ಕೈ ಮೇಲೆ ನೀಲಿ ಕಲೆ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳುವ ವಯಸ್ಸಾದವರಿಗೆ ಮಂಚದ ಅಂಚು ತಾಗಿದರೂ ಇಂಥ ಕಲೆ ಆಗುತ್ತೆ, ಹಾಗಾಗಿ ಯಾರೂ ಏನೂ ಕೇಳಲಿಲ್ಲ. ಡ್ಯೂಟಿ ಒಪ್ಪಿಸುವಾಗ ಇವರೂ ಹೇಳಲಿಲ್ಲ. ಮಗ ಕೈ ಮುಗಿದದ್ದು ಅವತ್ತೇ.

ಈ ಸಿಟ್ಟು ಯಾವಾಗಿನಿಂದ ಅಂತ ಕೇಳಿದೆ. ತಿಂಗಳುಗಳಿಂದ ಅಂದರು. ಯಾರಿಗಾದರೂ ಹೇಳಿದಿರಾ? ‘ಯಾರಿಗೆ ಹೇಳ್ಲಿ? ಹೇಳಿದ್ರೆ ನರ್ಸ್ ಆಗೋ ಯೋಗ್ಯತೆ ಇಲ್ಲ ಅಂತಾರೆ.’

ನನ್ನನ್ನು ಕಂಗೆಡಿಸುವುದು ಇದೇ. ಈ ಕೆಲಸದವರನ್ನು ನಾವೆಲ್ಲ ಸೇರಿ ದೇವರು ಮಾಡಿಬಿಟ್ಟಿದ್ದೇವೆ. ತಾಯಿ ಥರ ನೋಡ್ಕೋತಾರೆ, ಅವರ ಸಹನೆಗೆ ನಮಸ್ಕಾರ ಅನ್ನುತ್ತೇವೆ. ಕಿವಿಗೆ ಹಿತವಾಗಿರುತ್ತೆ, ಆದರೆ ಆ ಹೊಗಳಿಕೆ ಕೇಳಿಸಿಕೊಂಡ ಮೇಲೆ ‘ಇವರನ್ನು ಕಂಡರೆ ನನಗೆ ಕೋಪ ಬರ್ತಿದೆ, ಇವತ್ತು ಬೇರೆಯವರನ್ನು ಕಳಿಸಿ’ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಪ್ರತಿ ರಾತ್ರಿ ಹೊಡೆತ ತಿನ್ನುವವರಿಗೆ ಸಿಟ್ಟು ಬಂದೇ ಬರುತ್ತೆ. ಹೇಳಿಕೊಳ್ಳಲು ಜಾಗ ಸಿಗದಿದ್ದಾಗ ಅದು ಕೈಗೆ ಇಳಿಯುತ್ತೆ. ಒರಟಾಗಿ ಮಗ್ಗುಲು ಬದಲಿಸೋದು, ಕರೆದರೂ ಕೇಳದ ಹಾಗೆ ಹೋಗೋದು, ಬಿಸಿ ಆರದ ಗಂಜಿಯನ್ನು ಬಾಯಿಗಿಡೋದು, ಇವೆಲ್ಲ ನಾನು ಬೇರೆ ಬೇರೆಯವರ ಬಾಯಿಂದ ಕೇಳಿದವು. ಅವರಲ್ಲಿ ಒಬ್ಬರೂ ಕೆಟ್ಟವರಲ್ಲ.

ಸರೋಜಾಗೆ ಹೇಳಿದ್ದು ಇಷ್ಟು: ಇವತ್ತೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ನಡೆದದ್ದನ್ನು ಹೇಳಿ. ಕೇಸ್‌ಶೀಟಿನಲ್ಲಿ ಬರೆಸಿ. ಮೇಷ್ಟ್ರು ಹೊಡೆಯುತ್ತಿದ್ದದ್ದನ್ನೂ ಬರೆಸಿ, ನೀವು ಹಿಡಿದದ್ದನ್ನೂ ಬರೆಸಿ. ಅತ್ತರು. ಕೆಲಸ ಹೋಗುತ್ತೆ ಮೇಡಂ ಅಂದರು. ಹೋಗಲ್ಲ ಅಂತ ನಾನು ಮಾತು ಕೊಡಲಾರೆ ಅಂದೆ. ಹೇಳುವ ಮಾತುಗಳನ್ನು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆದೆವು.

ಈ ಸಲಹೆಗೆ ನನ್ನ ಜೊತೆ ಕೆಲಸ ಮಾಡುವವರೇ ಕೆಲವರು ಸಿಟ್ಟಾದರು. ನಿಮ್ಮನ್ನು ನಂಬಿ ಬಂದವಳನ್ನು ಹೀಗಾ ತಳ್ಳೋದು, ಮನಸ್ಸು ಹಗುರ ಮಾಡಿ ಕಳಿಸಿದ್ದರೆ ಸಾಕಿತ್ತಲ್ಲ ಅಂದರು. ಸಾಕಿರಲಿಲ್ಲ. ಸರೋಜಾ ನನ್ನ ಕೋಣೆಗೆ ಬಂದು ಮಾತಾಡಬಲ್ಲರು, ಮೇಷ್ಟ್ರು ಬರಲಾರರು. ನನ್ನ ಕೈ ಹಿಡಿದು ನೋಯಿಸಿದರು ಅಂತ ಬೆಳಿಗ್ಗೆ ಮಗನಿಗೆ ಹೇಳೋಕೂ ಅವರಿಗೆ ನೆನಪಿರಲ್ಲ. ಗುಟ್ಟು ಕಾಯುವುದು ನನ್ನ ಕೆಲಸವೇ, ಆದರೆ ಇನ್ನೊಬ್ಬರಿಗೆ ಅಪಾಯ ಇರುವಾಗ ಅದಕ್ಕೆ ಮಿತಿ ಉಂಟು ಅಂತ ಮೊದಲ ದಿನವೇ ಎಲ್ಲರಿಗೂ ಹೇಳಿರುತ್ತೇನೆ. ಮತ್ತೆ ಸರೋಜಾ ವಿಷಯಕ್ಕೆ ಬಂದರೆ, ಮುಚ್ಚಿಟ್ಟು ಅದೇ ವಾರ್ಡಿಗೆ ಹೋಗಿದ್ದರೆ ಅವರು ಮಲಗುತ್ತಿದ್ದರು ಅಂತ ನನಗನ್ನಿಸಲ್ಲ.

ಕಾನೂನೂ ಇದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 97ನೇ ಸೆಕ್ಷನ್ ಪ್ರಕಾರ ರೋಗಿಯನ್ನು ಬಲವಂತವಾಗಿ ಹಿಡಿದಿಡುವುದು ಬೇರೆ ದಾರಿಯೇ ಇಲ್ಲದಾಗ, ತಕ್ಷಣದ ಅಪಾಯ ತಪ್ಪಿಸಲು ಮಾತ್ರ. ಮನೋವೈದ್ಯರ ಅನುಮತಿ ಬೇಕು, ದಾಖಲೆಯಲ್ಲಿ ಬರೆಯಬೇಕು, ರೋಗಿಯ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಮಾಡುವಂತಿಲ್ಲ. ಸಿಬ್ಬಂದಿ ಕಡಿಮೆ ಅನ್ನುವ ಒಂದೇ ಕಾರಣಕ್ಕೂ ಮಾಡುವಂತಿಲ್ಲ. ಈ ಕೊನೆಯ ಮಾತನ್ನು ನರ್ಸ್‌ಗಳಿಗೆ ಓದಿ ಹೇಳಿದಾಗ ಎಷ್ಟೋ ಜನ ಆಶ್ಚರ್ಯಪಡುತ್ತಾರೆ. ಇಡೀ ವಾರ್ಡನ್ನು ಒಬ್ಬರ ತಲೆಗೆ ಕಟ್ಟಿದ ಆಡಳಿತವೂ ಉತ್ತರ ಕೊಡಬೇಕಾದ ವಿಷಯ ಇದು. ಬರೆದಿಡದೇ ಹೋದರೆ ಉತ್ತರ ಕೇಳೋದು ಹೇಗೆ?

‘ಒಂದು ಇಂಜೆಕ್ಷನ್ ಹಾಕಿ ಮಲಗಿಸಿದ್ರೆ ಆಯ್ತಪ್ಪ’ ಅನ್ನುವವರೂ ಇದ್ದಾರೆ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸೈಕೋಸಿಸ್‌ಗೆ (ಭ್ರಮೆ, ಭ್ರಾಂತಿಯ ಕಾಯಿಲೆಗೆ) ಕೊಡುವ ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ವೈದ್ಯರು ತೂಗಿ ನೋಡಿ ಕೊಡಬೇಕಾದ್ದು ಅದು, ಪಾಳಿ ಸಲೀಸಾಗಲಿ ಅಂತ ಕೊಡುವುದಲ್ಲ.

ಇನ್ನೂ ಒಂದು ಕೇಳಿದ್ದೆ: ಮೇಷ್ಟ್ರು ಹೊಡೆಯೋದು ಸರಿಯಾಗಿ ಯಾವ ಗಳಿಗೆಯಲ್ಲಿ? ಸರೋಜಾ ಕಣ್ಣು ಮುಚ್ಚಿ ನೆನಪಿಸಿಕೊಂಡರು. ಎಡಗೈ ಹಿಡಿದು ಮಗ್ಗುಲು ತಿರುಗಿಸುವಾಗ. ಇದನ್ನೂ ಹಾಳೆಗೆ ಸೇರಿಸಿದೆವು. ಹೊಡೆಯುವ ಮುದುಕರಿಗೆ ‘ಅಗ್ರೆಸಿವ್’ ಅಂತ ಹೆಸರು ಬೀಳೋದು ಬೇಗ. ನೋವು, ಮೂತ್ರದ ಸೋಂಕು, ದಿನಗಟ್ಟಲೆ ಮೋಷನ್ ಆಗದಿರುವುದು, ಇವನ್ನೆಲ್ಲ ಬಾಯಿಬಿಟ್ಟು ಹೇಳಲಾರದವರು ಕೈಯಲ್ಲೇ ಹೇಳುತ್ತಾರೆ.

ಸರೋಜಾ ಹೇಳಿದರು. ಅವರಿಗೆ ಮೆಮೊ ಬಂತು, ಬೇರೆ ವಾರ್ಡಿಗೆ ಹಾಕಿದರು. ಮೇಷ್ಟ್ರ ಮಗ ಕೂಗಾಡಿದರು, ಕಂಪ್ಲೇಂಟ್ ಕೊಡ್ತೀನಿ ಅಂದರು, ಅದು ಅವರ ಹಕ್ಕು. ವೈದ್ಯರು ಪರೀಕ್ಷೆ ಮಾಡಿದಾಗ ಮೇಷ್ಟ್ರ ಎಡ ಭುಜ ಪೂರ್ತಿ ಬಿಗಿದುಕೊಂಡಿತ್ತು, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಜಾಸ್ತಿ. ಈಗ ಆ ಕೈ ಎಳೆಯುವುದಿಲ್ಲ, ಇಬ್ಬರು ಸೇರಿ ತಿರುಗಿಸುತ್ತಾರೆ, ಎದುರಿಗೆ ನಿಂತು ಮಾತಾಡಿಸಿಯೇ ಮುಟ್ಟುತ್ತಾರೆ. ಹೊಡೆಯುವುದು ಕಡಿಮೆಯಾಗಿದೆ, ನಿಂತಿಲ್ಲ.

ಕೈ ಎತ್ತಬೇಕು ಅನ್ನಿಸಿದ ಗಳಿಗೆಯಲ್ಲಿ ಏನು ಮಾಡಲಿ ಅಂತ ಎಲ್ಲ ನರ್ಸ್‌ಗಳೂ ಕೇಳುತ್ತಾರೆ. ರೋಗಿ ಬೀಳುವ ಅಪಾಯ ಇಲ್ಲ ಅಂತ ನೋಡಿಕೊಂಡು, ಮಂಚದ ಕಂಬಿ ಎತ್ತಿ, ಬಾಗಿಲ ಹೊರಗೆ ಬನ್ನಿ. ಒದ್ದೆ ಬಟ್ಟೆ ಹತ್ತು ನಿಮಿಷ ಹಾಗೇ ಇದ್ದರೆ ಪರವಾಗಿಲ್ಲ. ಆಯಾಗೆ ಹೇಳಿ, ‘ನನಗೆ ಸಿಟ್ಟು ಬಂದಿದೆ, ನೀವು ಬನ್ನಿ’ ಅಂತ ಇದೇ ಮಾತಲ್ಲಿ ಹೇಳಿ. ಪಾಳಿ ಒಪ್ಪಿಸುವಾಗ ಬಿಪಿ, ಶುಗರ್ ಜೊತೆ ಅದನ್ನೂ ಹೇಳಿ. ಹೇಳಿಕೊಳ್ಳಲು ಯಾರೂ ಇಲ್ಲದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅದು ರೋಗಿಗಳಿಗೆ ಮಾತ್ರ ಅಂತ ಅಂದುಕೊಳ್ಳಬೇಡಿ.

ಸರೋಜಾ ಈಗ ಹಿರಿಯರ ವಾರ್ಡಿಗೇ ವಾಪಸ್ ಹಾಕಿ ಅಂತ ಅರ್ಜಿ ಕೊಟ್ಟಿದ್ದಾರೆ, ರಾತ್ರಿ ಪಾಳಿಗೆ ಇಬ್ಬರು ನರ್ಸ್ ಬೇಕು ಅಂತಲೂ ಅದರಲ್ಲೇ ಬರೆದಿದ್ದಾರೆ. ಆಸ್ಪತ್ರೆಯಿಂದ ಇನ್ನೂ ಉತ್ತರ ಬಂದಿಲ್ಲ.