ಜಪಾನಿನ ವಿದ್ಯಾರ್ಥಿಗಳು ಸ್ಪರ್ಧೆಗಾಗಿ ರೂಪಿಸುವ ಪ್ರವಾಸ ಯೋಜನೆಗಳಿಂದ ಸೊರಗುತ್ತಿರುವ ಅವರ ಊರುಗಳು ನಿಜವಾಗಿಯೂ ಚೇತರಿಸಿಕೊಳ್ಳುತ್ತವೆಯೇ?

ಚೇತರಿಸಿಕೊಳ್ಳಬಲ್ಲವು, ಆದರೆ ಯೋಜನೆಯು ಬಹುಮಾನಕ್ಕೆ ಸೀಮಿತವಾಗದೆ ಊರಿನ ಆಡಳಿತದ ಪ್ರಯತ್ನಗಳೊಡನೆ ಬೆಸೆದುಕೊಂಡಾಗ ಮಾತ್ರ. ಶಿಮಾನೆ ಪ್ರಾಂತದ ಓಕಿ ದ್ವೀಪಗಳಲ್ಲಿರುವ ಅಮಾ ಪಟ್ಟಣ ಇದಕ್ಕೆ ನಾನು ಬಲ್ಲ ಅತ್ಯುತ್ತಮ ನಿದರ್ಶನ.

ಹೈಸ್ಕೂಲು ವಿದ್ಯಾರ್ಥಿಗಳು ತಮ್ಮ ಊರಿಗೆ ಪ್ರವಾಸ ಯೋಜನೆ ರೂಪಿಸಿ ಸ್ಪರ್ಧಿಸುವ ‘ಕಾಂಕೋ ಕೋಶಿಯೆನ್’ 2009ರಲ್ಲಿ ಆರಂಭವಾಯಿತು. ಮೊದಲ ವರ್ಷವೇ ಅಮಾದ ಓಕಿ ದೋಜೆನ್ ಹೈಸ್ಕೂಲು ಅಗ್ರ ಪ್ರಶಸ್ತಿ ಗಳಿಸಿತು. ಅಲ್ಲಿ ತೋರಿಸಬಹುದಾದ ಪರಂಪರೆಗೆ ಕೊರತೆಯಿರಲಿಲ್ಲ: 1221ರಲ್ಲಿ ಗಡೀಪಾರಾದ ಮಾಜಿ ಸಾಮ್ರಾಟ ಗೋ-ತೋಬಾ 1239ರಲ್ಲಿ ಕೊನೆಯುಸಿರೆಳೆದದ್ದು ಆ ದ್ವೀಪದಲ್ಲಿಯೇ; ಅನ್ನ ಬಡಿಸುವ ಮರದ ಸೌಟುಗಳನ್ನು ಎರಡೂ ಕೈಗಳಲ್ಲಿ ಹಿಡಿದು ಕುಣಿಯುವ ಕಿನ್ಯಾಮೊನ್ಯಾ ನೃತ್ಯವೂ ಅಲ್ಲಿನದೇ. ಆದರೂ ವಿದ್ಯಾರ್ಥಿಗಳು ನೋಡತಕ್ಕ ಸ್ಥಳಗಳಿಗಿಂತ ಮಿಗಿಲಾಗಿ ದ್ವೀಪವಾಸಿಗಳೊಡನೆ ಬೆರೆಯುವುದನ್ನೇ ಪ್ರವಾಸದ ತಿರುಳಾಗಿಸಿ, ಜನರನ್ನು ಬೆಸೆಯುವ ಈ ಪ್ರಯಾಣಕ್ಕೆ ‘ಹಿತೋತ್ಸುನಾಗಿ’ ಎಂದು ಹೆಸರಿಟ್ಟರು. ಪರಂಪರೆಯನ್ನು ಬದುಕುತ್ತಿರುವವರ ಮೂಲಕವೇ ಪರಿಚಯಿಸಬೇಕೆಂಬ ಈ ನಿಲುವು ನನಗೆ ಬಹಳ ಮೆಚ್ಚುಗೆಯಾದದ್ದು. ಯೋಜನೆ ಮುಂದೆ ಕಾರ್ಯರೂಪಕ್ಕೂ ಬಂದಿತು.

ಆ ಹೊತ್ತಿಗೆ ಶಾಲೆಯೇ ಮುಚ್ಚಿಹೋಗುವ ಭೀತಿಯಲ್ಲಿತ್ತು ಎಂಬುದನ್ನು ಮರೆಯಬಾರದು. ಪಟ್ಟಣಾಡಳಿತವೂ ಶಾಲೆಯೂ ಕೈಜೋಡಿಸಿ ಹೊರಪ್ರಾಂತಗಳ ವಿದ್ಯಾರ್ಥಿಗಳನ್ನು ವ್ಯಾಸಂಗಕ್ಕೆ ಆಹ್ವಾನಿಸಿದವು. 2012ರಲ್ಲಿ ಹೊಸದಾಗಿ ಸೇರುವ ಮೊದಲ ವರ್ಷದ ವಿದ್ಯಾರ್ಥಿಗಳ ತರಗತಿಗಳ ಸಂಖ್ಯೆ ಒಂದರಿಂದ ಎರಡಕ್ಕೆ ಏರಿತು. ಈ ಏರಿಕೆಯ ಶ್ರೇಯಸ್ಸನ್ನು ಪ್ರವಾಸ ಯೋಜನೆಯೊಂದಕ್ಕೇ ಕೊಡಲಾಗದು, ಆದರೆ ದ್ವೀಪದ ಜನರೇ ಅದರ ಸಂಪತ್ತೆಂದು ಹೊರಗಿನವರಿಗೆ ಮೊದಲು ಮನಗಾಣಿಸಿದವರಲ್ಲಿ ಆ ಮಕ್ಕಳೂ ಸೇರಿದ್ದಾರೆ.